ಕಾಟಾ ಚೀಟಿ

ಬನ್ನಿಹಟ್ಟಿ ದಾರಿಯ ಕಾಟಾದಲ್ಲಿ ನನ್ನ ಕೆಲಸ.
ಲಾರಿ ಬರುತ್ತದೆ, ನಿಲ್ಲುತ್ತದೆ, ಉಸಿರು ಬಿಡುತ್ತದೆ,
ಕೆಂಪು ಅಂಕಿಗಳು ಓಡಿ ಓಡಿ ಒಂದೆಡೆ ನಿಲ್ಲುತ್ತವೆ.
ತುಂಬಿದ್ದರಲ್ಲಿ ಖಾಲಿಯನ್ನು ಕಳೆ,
ಉಳಿದದ್ದರಲ್ಲಿ ತೇವ ಕಳೆ,
ಆಮೇಲೆ ಅದಿರು.
ಹನ್ನೊಂದು ವರ್ಷದಿಂದ ನನ್ನದು
ಬರೀ ಕಳೆಯುವ ಲೆಕ್ಕ.

ಮಗ ಗಾದಿಲಿಂಗನಿಗೆ ಒಂಬತ್ತು.
ಕಿಡ್ನಿ ಎರಡೂ ಹುಟ್ಟಾ ಬಲಿಯದ ಕಾಳು.

ಮನೆಯಲ್ಲಿ ಹಂಪಮ್ಮನದೇ ಇನ್ನೊಂದು ಕಾಟಾ:
ಬಳೆಯ ಡಬ್ಬಿ, ರಟ್ಟು ಕತ್ತರಿಸಿ ಮಾಡಿದ ಖಾನೆಗಳು.
ಕಬ್ಬಿಣ ಬೆಳಗಿನ ಬರಿಹೊಟ್ಟೆಗೆ.
ಸೋಡಾ ಎರಡು ಹೊತ್ತು.
ಸುಣ್ಣ ಉಣ್ಣುವಾಗಲೇ, ಮೂರನೇ ತುತ್ತಿಗೆ,
ಊಟ ಮುಗಿದು ಗಂಟೆಯಾದರೆ ದಂಡ.
ಸುಣ್ಣ ಬಾಗಿಲಲ್ಲಿ ನಿಂತರೆ ಕಬ್ಬಿಣ ಒಳಗೆ ಬಾರದು;
ನೆಗೆಣ್ಣಿಯರ ಹಾಗೆ
ಬೇರೆ ಬೇರೆ ಹೊತ್ತಿಗೆ ಬಡಿಸಬೇಕು.

ಸುಣ್ಣ ಅಂತ ಹೆಸರಿಟ್ಟವಳು ನಮ್ಮವ್ವ.
ಎಲೆಗೆ ಉಗುರುತುದಿಯಲ್ಲಿ ಹಚ್ಚುತ್ತ ಅನ್ನುತ್ತಾಳೆ:
“ನನಗ ಎಲಿಗೆ, ನಿನಗ ಅನ್ನಕ್ಕ. ನಡಿ, ನುಂಗು.”
ಅನ್ನದಲ್ಲಿ ಅಡಗಿ ಬರುವ ಕೆಡುಕನ್ನು
ಹೊಟ್ಟೆಯೊಳಗೇ ಕೊರಳಪಟ್ಟಿ ಹಿಡಿದು
ಹೊರಗೆ ಎಳೆದೊಯ್ಯುತ್ತದಂತೆ ಆ ಗುಳಿಗೆ.

ಶೇಂಗಾ ಪುಡಿ ಮನೆ ಬಿಟ್ಟಿತು. ಟೊಮೆಟೊ ಬಿಟ್ಟಿತು.
ಬಾಳೆಹಣ್ಣು ದೇವರಿಗೆ ಮಾತ್ರ,
ಅದೂ ಕೈಗೆಟುಕದ ಮಾಡದಲ್ಲಿ.
ಕಾಯಿಪಲ್ಯ ಕುದಿಸಿ, ಬಸಿದು,
ನೀರನ್ನು ಬಚ್ಚಲಿಗೆ ಚೆಲ್ಲುತ್ತಾಳೆ ಹಂಪಮ್ಮ.
ಅವಳೂ ಕಳೆಯುವುದನ್ನು ಕಲಿತಳು.

ಸಂಜೆ ಗೂಡಂಗಡಿಯ ಮುಂದೆ ನಿಂತು
ಎಣ್ಣೆಯಲ್ಲಿ ಮಿರ್ಚಿ ತಿರುಗುವುದನ್ನು ನೋಡುತ್ತಾನೆ.
“ಅಪ್ಪಾ, ಅದರಾಗ ಸೋಡಾ ಹಾಕ್ಯಾರ.
ನಾನೂ ದಿನಾ ತಿಂತೀನಿ.
ನಾ ಯಾಕ ಉಬ್ಬಲ್ಲ?”
ಅವನು ಉಬ್ಬಿದ ದಿನಗಳು ನನಗೆ ನೆನಪಿವೆ:
ಮುಂಜಾನೆ ರೆಪ್ಪೆ ತೆರೆಯಲಾಗದೆ
ಗೋಡೆ ಸವರಿಕೊಂಡು ಬಂದಿದ್ದ.
ಹೇಳಲಿಲ್ಲ.

ತೂಕ ಏರಿತೆಂದು ಹಿಗ್ಗಬೇಡಿ, ನೀರಿರಬಹುದು,
ಅಂದರು ಬಳ್ಳಾರಿಯ ಡಾಕ್ಟರು.
ನನಗೇನು ಹೊಸ ಮಾತೇ!
ಮಳೆಗಾಲದ ಅದಿರು ಯಾವತ್ತೂ ಸುಳ್ಳು ತೂಗುತ್ತದೆ.
ರಕ್ತ ಏಳು ಪಾಯಿಂಟ್ ಎಂಟು.
ನಮ್ಮಲ್ಲಾದರೆ ಗ್ರೇಡು ಇಳಿದದ್ದನ್ನು ಬದಿಗೆ ಸುರಿಯುತ್ತಾರೆ.
ಅವರು ಹಾಗೆ ಮಾಡಲಿಲ್ಲ,
ಒಂದು ಗುಳಿಗೆಯನ್ನು ಒಂದೂವರೆ ಮಾಡಿದರು.

ಊರ ತುಂಬ ಕಬ್ಬಿಣ ಇಟ್ಟುಕೊಂಡು ನಿಮ್ಮ ಹುಡುಗನಿಗೆ, ಎಂದು
ಯಾರೋ ಬಸ್ಸಿನಲ್ಲಿ ನಕ್ಕರು.
ಬೇವಿನ ಎಲೆಯ ಮೇಲೆ, ಒಣಹಾಕಿದ ಅಂಗಿಯ ಮೇಲೆ,
ನನ್ನ ಕೆಮ್ಮಿನಲ್ಲಿ ಕೂತದ್ದು
ರಕ್ತಕ್ಕೆ ಬರುವುದಿಲ್ಲ ಸ್ವಾಮಿ. ಧೂಳು ಧೂಳೇ.

ಹೋದ ಐತವಾರ ಬುತ್ತಿ ತಂದ.
ಲಾರಿ ಇರಲಿಲ್ಲ. ಕಾಟಾದ ಹಾಸಿನ ನಡುವೆ ನಿಂತು
“ತೂಗು” ಅಂದ, ಕೈ ಕೆಳಗೆ ಬಿಟ್ಟು,
ಲಾರಿಯ ಹಾಗೆ ಅಲುಗದೆ.

ನಮ್ಮ ಕಾಟಾ ಇಪ್ಪತ್ತು ಕಿಲೋದ ಮೆಟ್ಟಿಲಲ್ಲಿ ಏರುತ್ತದೆ,
ನಡುವಿನದು ಅದಕ್ಕೆ ಕಾಣುವುದಿಲ್ಲ.
ಆಸ್ಪತ್ರೆಯಲ್ಲಿ ಹುಡುಗ ಹದಿನಾರೂ ಚಿಲ್ಲರೆ.
ಸೊನ್ನೆ ಮಿನುಗಿತು.
ಮತ್ತೆ ಸೊನ್ನೆ.
ಆಮೇಲೆ, ಕೆಂಪಗೆ, ಇಪ್ಪತ್ತು.

“ಇಪ್ಪತ್ತಪ್ಪಾ! ಚೀಟಿ ಕೊಡು!”

ಹನ್ನೊಂದು ವರ್ಷದಲ್ಲಿ ಮೊದಲ ಸಲ
ನಾನು ಏನನ್ನೂ ಕಳೆಯಲಿಲ್ಲ.
ಗಾಡಿ ನಂಬರಿನ ಜಾಗದಲ್ಲಿ ಅವನ ಹೆಸರು.
ಸರಕು ಏನಂತ ಬರೀಲಿ, ಕೇಳಿದೆ.
ಕಿಟಕಿಗೆ ಗದ್ದ ಊರಿ ಯೋಚಿಸಿದ:
“ಕಬ್ಬಿಣ, ಸುಣ್ಣ, ಸೋಡಾ.
ಒಂದು ಮಿರ್ಚಿನೂ ಸೇರಿಸು,
ಅವ್ವಗ ಹೇಳಬ್ಯಾಡ.”

ರಾತ್ರಿ ಹಂಪಮ್ಮ ಚೀಟಿಯನ್ನು ದೀಪಕ್ಕೆ ಹಿಡಿದಳು,
ಎರಡು ಸಲ ಓದಿದಳು.
“ಚಪ್ಪಲಿ ಬಿಡಿಸಿದ್ದೇನು?”
ಇಲ್ಲ, ಅಂದೆ.
ಹ್ಞೂಂ, ಎಂದು ಅದನ್ನು ಬಳೆಡಬ್ಬಿಯ ಮುಚ್ಚಳದೊಳಗೆ ಸಿಕ್ಕಿಸಿ
ನಾಳೆಯ ಗುಳಿಗೆ ಎಣಿಸತೊಡಗಿದಳು.